ಮರು: ಸೂಪರ್‌ಮಾರ್ಕೆಟ್ ಕೆಲಸ, ಹಿಮ್ಮಡಿ ನೋವು, ಕೈಕೊಡುವ ಜೊತೆಗಾರ

ಸೇರಿ ಎರಡೇ ತಿಂಗಳಿಗೆ ಹಿಮ್ಮಡಿ ನೋವು, ಲೋಡ್ ಬಂದಾಗಲೆಲ್ಲ ಜೊತೆಗಾರ ಮಾಯ, ಕೆಲಸ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಈಗಲೇ ಬಿಡಬೇಡಿ. ಬೆಂಗಳೂರಲ್ಲಿ ನಾಲ್ಕು ವರ್ಷ ಇದೇ ಕೆಲಸ ಮಾಡಿದವಳು ನಾನು. 25 ಕೆಜಿ ಅಕ್ಕಿ ಮೂಟೆಯನ್ನು ಸೊಂಟ ಬಗ್ಗಿಸಿ ಎತ್ತಬೇಡಿ. ಮಂಡಿ ಮಡಚಿ, ಮೂಟೆಯನ್ನು ಎದೆಗೆ ಒತ್ತಿಕೊಂಡು ಏಳಿ. ತೆಳು ಚಪ್ಪಲಿ ಬೇಡವೇ ಬೇಡ. ಕೂರಲು ಸ್ಟೂಲ್ ಕೇಳೋದು ಸೋಮಾರಿತನ ಅಲ್ಲ, ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗಾಗಿ ಅದನ್ನೇ ಕಾನೂನು ಮಾಡಿದವು.

ಇನ್ನು ಆ ಜೊತೆಗಾರ. ನನಗೂ ಒಬ್ಬ ಇದ್ದ, ಎಣ್ಣೆ ಡಬ್ಬದ ಗಾಡಿ ಬಂದ ಕೂಡಲೇ ಫೋನ್ ಹಿಡಿದು ಹಿಂಬಾಗಿಲಿಗೆ ಹೋಗ್ತಿದ್ದ. ಎಷ್ಟು ಅತ್ತಿದ್ದೀನೋ. ಒಂದು ದಿನ 'ಈ ಅರ್ಧ ನಿನ್ನದು' ಅಂತ ಮುಖಕ್ಕೇ ಹೇಳಿ, ನನ್ನ ಪಾಲು ಮುಗಿಸಿ ಕೌಂಟರಿಗೆ ಬಂದೆ. ಅವನ ಡಬ್ಬಗಳು ಅಲ್ಲೇ ಉಳಿದವು, ಸಂಜೆ ಸೂಪರ್‌ವೈಸರ್ ಕಣ್ಣಿಗೂ ಬಿದ್ದವು.