ಜೈಲಿನ ಕಾರ್ಯಾಗಾರ ಸುಧಾರಿಸಿದರೆ ಬಂದಿಗಳು ಮರಳಿ ಬರುವುದು ತಗ್ಗುತ್ತದೆಯೇ?

ಪ್ರಶ್ನೆ: ಜೈಲಿನ ಮರಗೆಲಸ ಘಟಕವೊಂದರ ಮೇಲ್ವಿಚಾರಣೆ ನನ್ನದು. 60 ಬಂದಿಗಳು ದುಡಿಯುತ್ತಾರೆ. ಕೆಲಸದಲ್ಲಿನ ವ್ಯರ್ಥವನ್ನು ಕಳೆಯುವ ಲೀನ್, ದೋಷ ಮತ್ತು ಏರಿಳಿತ ತಗ್ಗಿಸುವ ಸಿಕ್ಸ್ ಸಿಗ್ಮಾದಂಥ ಕಾರ್ಖಾನೆ ವಿಧಾನಗಳನ್ನು ಇಲ್ಲಿ ತಂದರೆ ಬಿಡುಗಡೆಯಾದವರು ಮತ್ತೆ ಅಪರಾಧಕ್ಕಿಳಿಯುವುದು ಕಡಿಮೆಯಾದೀತೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಪ್ರಕ್ರಿಯೆಯ ಗೆರೆಯನ್ನು ಎಲ್ಲಿಂದ ಎಲ್ಲಿಗೆ ಎಳೆಯುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಮರ ಒಳಬಂದು ಕುರ್ಚಿ ಹೊರಹೋಗುವವರೆಗೆ ಎಳೆದರೆ ಕುರ್ಚಿ ಸುಧಾರಿಸುತ್ತದೆ, ಅಷ್ಟೇ. ಬಂದಿ ಘಟಕಕ್ಕೆ ಸೇರಿದ ದಿನದಿಂದ ಬಿಡುಗಡೆಯಾಗಿ ಆರು ತಿಂಗಳು ಕಳೆಯುವವರೆಗೆ ಎಳೆಯಿರಿ. ಆಯ್ಕೆ, ತರಬೇತಿ, ಪರೀಕ್ಷೆ, ಪ್ರಮಾಣಪತ್ರ, ಗುರುತಿನ ದಾಖಲೆ, ಬ್ಯಾಂಕ್ ಖಾತೆ, ಹೊರಗಿನ ಉದ್ಯೋಗದಾತರ ಭೇಟಿ, ಬಿಡುಗಡೆ, ಮೊದಲ 90 ದಿನ: ಒಂದೊಂದು ಹಂತದಲ್ಲೂ ಕಾದ ದಿನಗಳೆಷ್ಟು, ಅಲ್ಲೇ ಕಳಚಿಕೊಂಡವರೆಷ್ಟು ಎಂದು ಗೋಡೆಯ ಮೇಲೆ ಬರೆದು ನೋಡಿ. ಸೋರಿಕೆ ಸಾಮಾನ್ಯವಾಗಿ ಯಂತ್ರದ ಬಳಿ ಇರುವುದಿಲ್ಲ. ತರಬೇತಿ ಅರ್ಧವಾದಾಗ ಬೇರೆ ಜೈಲಿಗೆ ವರ್ಗ, ಪರೀಕ್ಷೆಗೆ ಮುನ್ನವೇ ಬಿಡುಗಡೆ, ಗುರುತಿನ ಚೀಟಿಗೆ ಕೊನೆಯ ವಾರದಲ್ಲಿ ಅರ್ಜಿ. ಇಂಥ ಕಡೆ ಇರುತ್ತದೆ.

ಆಮೇಲೆ ಕೆಲಸದ ದಿನವನ್ನು ಅಳೆಯಿರಿ. ಹತ್ತು ದಿನ ಗಡಿಯಾರ ಹಿಡಿದು ಬರೆದುಕೊಂಡರೆ ಸಾಕು. ಉದಾಹರಣೆಗೆ, 480 ನಿಮಿಷದ ಪಾಳಿಯಲ್ಲಿ ತಲೆ ಎಣಿಕೆಗೆ 60, ತಪಾಸಣೆಗೆ 40, ಉಪಕರಣ ಕೊಡುವುದು ಪಡೆಯುವುದಕ್ಕೆ 50, ಊಟಕ್ಕೆ 45, ಸಾಮಗ್ರಿಗೆ ಕಾಯುವುದರಲ್ಲಿ 60 ಹೋದರೆ ಉಳಿಯುವುದು 225 ನಿಮಿಷ. ಅರ್ಧ ದಿನವೂ ಇಲ್ಲ. ಪೂರ್ತಿ ಪಾಳಿ ದುಡಿದು ಅಭ್ಯಾಸವೇ ಇಲ್ಲದವನು ಹೊರಗಿನ ಕಾರ್ಖಾನೆಯಲ್ಲಿ ಎರಡನೇ ವಾರಕ್ಕೇ ಸೋಲುತ್ತಾನೆ.

ಮೊದಲ ಸುಧಾರಣೆ ಉಪಕರಣದ ಹಲಗೆಯಾಗಲಿ. ಪ್ರತಿ ಉಳಿ, ಸುತ್ತಿಗೆಯ ಆಕಾರವನ್ನು ಹಲಗೆಯ ಮೇಲೆ ಬಣ್ಣದಲ್ಲಿ ಬರೆದು, ತೆಗೆದುಕೊಂಡವನ ಸಂಖ್ಯೆಯ ಬಿಲ್ಲೆಯನ್ನು ಆ ಜಾಗದಲ್ಲಿ ತೂಗುಹಾಕಿ. ಏನು ಇಲ್ಲ, ಯಾರ ಬಳಿ ಇದೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಬೇರೆಲ್ಲ ಬದಲಾವಣೆಗೂ ‘ಆಗದು’ ಎನ್ನುವ ಭದ್ರತಾ ಸಿಬ್ಬಂದಿ ಇದಕ್ಕೆ ಬೇಗ ಒಪ್ಪುತ್ತಾರೆ, ಏಕೆಂದರೆ ಉಳಿಯೊಂದು ಕಾಣೆಯಾದರೆ ನಿದ್ದೆಗೆಡುವವರು ಅವರೇ.

ಕೆಡುವುದು ಮುಖ್ಯವಾಗಿ ಎರಡು ಕಡೆ. ಖಾಲಿ ಕೂರಿಸಬಾರದೆಂದು ಜೈಲಿನ ಘಟಕಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜನರನ್ನು ಹಾಕಿರುತ್ತಾರೆ. ಲೀನ್ ಪಾಠವನ್ನು ಅಕ್ಷರಶಃ ಹಿಡಿದರೆ 20 ಜನ ಬ್ಯಾರಕ್ಕಿಗೆ ವಾಪಸ್ಸು. ಯಾರನ್ನೂ ತೆಗೆಯುವುದಿಲ್ಲ, ಉಳಿದ ಸಮಯ ತರಬೇತಿಗೆ ಎಂದು ಮೊದಲೇ ಲಿಖಿತವಾಗಿ ಹೇಳಿ. ಇಲ್ಲದಿದ್ದರೆ ಸಲಹೆ ಕೊಡಲು ಯಾರೂ ಬಾಯಿ ತೆರೆಯುವುದಿಲ್ಲ. ಎರಡನೆಯದು ಶಿಕ್ಷೆಯ ಭಯ. ಕೆಟ್ಟ ಕೀಲು ತೋರಿಸಿದವನ ಮೇಲೆ ಶಿಸ್ತುಕ್ರಮ ಬಂದರೆ ಮುಂದಿನ ಕೆಟ್ಟ ಕೀಲು ಬಣ್ಣದಡಿ ಅಡಗುತ್ತದೆ. ದೋಷದ ವರದಿ ಶಿಸ್ತಿನ ಕಡತಕ್ಕೆ ಹೋಗಕೂಡದು. ಐದು ಸಲ ‘ಏಕೆ’ ಎಂದು ಕೇಳುವ ಟೊಯೊಟಾ ಪದ್ಧತಿ ಇಲ್ಲಿ ಪೊಲೀಸ್ ವಿಚಾರಣೆಯಂತೆ ಕೇಳಿಸುತ್ತದೆ. ‘ನೀನೇಕೆ ಹೀಗೆ ಮಾಡಿದೆ’ ಎನ್ನದೆ ‘ಮರ ಏಕೆ ಸೀಳಿತು’ ಎಂದು ಕೇಳಿ, ಕೇಳುವ ಸರದಿಯನ್ನು ಬಂದಿಗಳಿಗೇ ಬಿಡಿ. ಕಾರಣ ಹುಡುಕಿ, ಒಂದು ಬದಲಾವಣೆ ಮಾಡಿ, ನಾಲ್ಕು ವಾರ ನೋಡಿ, ಉಳಿಸಬೇಕೇ ಬಿಡಬೇಕೇ ಎಂದು ನಿರ್ಧರಿಸುವ ಈ ಅಭ್ಯಾಸ ಮರಗೆಲಸ ಬಿಟ್ಟವನಿಗೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಫಲ ಸಿಕ್ಕಿದೆ ಎಂದು ಹೇಳುವುದು ಹೇಗೆ? ಕಳೆದ ವರ್ಷಗಳಲ್ಲಿ ಬಿಡುಗಡೆಯಾದ 40 ಜನರಲ್ಲಿ ಸರಾಸರಿ 16 ಮಂದಿ ಮರಳುತ್ತಿದ್ದರು, ಈ ಬಾರಿ 12.

ಉತ್ತರ: ಹಬ್ಬ ಮಾಡಬೇಡಿ. ಸರಾಸರಿ ಶೇ 40 ಇದ್ದು ವರ್ಷಕ್ಕೆ 40 ಜನ ಹೊರಹೋಗುವಲ್ಲಿ ನಿಯಂತ್ರಣ ನಕ್ಷೆಯ (ಸಹಜ ಏರಿಳಿತವನ್ನು ನಿಜವಾದ ಬದಲಾವಣೆಯಿಂದ ಬೇರ್ಪಡಿಸುವ ನಕ್ಷೆ) ಮೂರು ಸಿಗ್ಮಾ ಮಿತಿ, ಅಂದರೆ ಸಹಜ ಏರಿಳಿತದ ಗಡಿ, ಸುಮಾರು ಶೇ 17ರಿಂದ 63. ಅಂದರೆ 7ರಿಂದ 25 ಮಂದಿಯವರೆಗಿನ ಏರಿಳಿತ ಬರೀ ಆಕಸ್ಮಿಕವೂ ಆಗಿರಬಹುದು. ‘ಮರಳುವುದು’ ಎಂದರೆ ಬಂಧನವೇ, ಶಿಕ್ಷೆಯೇ, ಜೈಲುವಾಸವೇ ಎಂಬುದನ್ನೂ, ಅವಧಿ ಒಂದು ವರ್ಷವೇ ಮೂರೇ ಎಂಬುದನ್ನೂ ಆರಂಭದಲ್ಲೇ ನಿಗದಿಪಡಿಸಿ, ಆಮೇಲೆ ಬದಲಿಸಬೇಡಿ. ಆ ಅವಧಿ ಮುಗಿಯುವವರೆಗೆ ಬೇಗ ಕಾಣುವ ಅಳತೆಗಳನ್ನು ತಿಂಗಳು ತಿಂಗಳು ನೋಡಿ: ದಾಖಲೆ ಕೈಯಲ್ಲಿ ಹಿಡಿದು ಹೊರಟವರೆಷ್ಟು, 90ನೇ ದಿನ ಕೆಲಸದಲ್ಲಿರುವವರೆಷ್ಟು.

ಇದಕ್ಕಿಂತ ದೊಡ್ಡ ಮೋಸ ಆಯ್ಕೆಯಲ್ಲಿದೆ. ಒಳ್ಳೆಯ ನಡತೆಯವರನ್ನೇ ಆರಿಸಿಕೊಂಡರೆ ಅವರು ಹೇಗಿದ್ದರೂ ಕಡಿಮೆ ಮರಳುತ್ತಾರೆ, ಕೀರ್ತಿ ಮಾತ್ರ ಘಟಕಕ್ಕೆ. ಅಪಾಯ ಹೆಚ್ಚಿರುವವರಿಗೇ ಹೆಚ್ಚು ನೆರವು ಕೊಡಿ ಎಂಬ ತತ್ವವನ್ನು ಸಂಶೋಧಕರಾದ ಆಂಡ್ರ್ಯೂಸ್, ಬೊಂಟಾ ಮತ್ತು ಹೋಗ್ 1990ರಲ್ಲೇ ಮಂಡಿಸಿದ್ದಾರೆ. ಸ್ಥಾನಗಳಿಗಿಂತ ಅರ್ಜಿಗಳು ಹೆಚ್ಚಿದ್ದರೆ ಅರ್ಹರ ನಡುವೆ ಚೀಟಿ ಎತ್ತಿ. ಕಾಯುವ ಪಟ್ಟಿಯಲ್ಲಿ ಉಳಿದವರೇ ನಿಮ್ಮ ಹೋಲಿಕೆಯ ಗುಂಪು.

ಪ್ರಶ್ನೆ: ಉತ್ಪಾದನೆಯ ಗುರಿ ಏರಿಸುವಂತೆ ಮೇಲಿನಿಂದ ಒತ್ತಡವಿದೆ.

ಉತ್ತರ: ಬಂದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳ 99ನೇ ನಿಯಮವನ್ನು ಮುಂದಿಡಿ. ಬಂದಿಗಳ ಹಿತವನ್ನೂ ತರಬೇತಿಯನ್ನೂ ಲಾಭದ ಕೆಳಗೆ ಇಡಬಾರದು ಎನ್ನುತ್ತದೆ ಅದು. ಗಳಿಕೆಯ ಒಂದು ಪಾಲನ್ನು ಉಳಿತಾಯವಾಗಿಟ್ಟು ಬಿಡುಗಡೆಯ ದಿನ ಕೊಡುವ ಮಾತು 103ನೇ ನಿಯಮದಲ್ಲಿದೆ. ಆ ಹಣ ಅಂದೇ ಕೈಸೇರುತ್ತದೆಯೇ ಎಂಬುದನ್ನೂ ನಿಮ್ಮ ಗೋಡೆಯ ನಕ್ಷೆಯಲ್ಲಿ ಒಂದು ಹಂತವಾಗಿ ಸೇರಿಸಿ. ಹಾಗೆಯೇ ಪ್ರಮಾಣಪತ್ರದ ಮೇಲೆ ತರಬೇತಿ ಕೊಟ್ಟ ಮಂಡಳಿಯ ಹೆಸರಿರಲಿ, ಜೈಲಿನ ವಿಳಾಸ ಬೇಡ.