ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟರ್‌ಗಳಿಗೆ (ಕಿವಿ ಕೇಳದೋರ ಕೈಸನ್ನೆ ಭಾಷೆನ ಮಾತಿಗೂ, ಮಾತನ್ನ ಸನ್ನೆಗೂ ತಿರುಗಿಸಿ ಹೇಳೋರಿಗೆ) ಸರ್ಟಿಫಿಕೇಟ್ ಕಡ್ಡಾಯ ಮಾಡ್ಬೇಕಾ? ಮನೆಯವ್ರು ಯಾರಾದ್ರೂ ಹೇಳಿದ್ರೆ ಆಗಲ್ವಾ?

ಕೋರ್ಟು, ಪೊಲೀಸ್ ಸ್ಟೇಷನ್, ಆಸ್ಪತ್ರೆ, ಈ ಮೂರು ಕಡೆ ಕಡ್ಡಾಯ ಮಾಡ್ಲೇಬೇಕು ಅನ್ನೋನು ನಾನು. ಮದುವೆ ಮನೆಗೋ ಸ್ಕೂಲ್ ಪೇರೆಂಟ್ಸ್ ಮೀಟಿಂಗಿಗೋ ಬೇಕಿಲ್ಲ, ಅಲ್ಲಿಗೆ ಡೆಫ್ ಆದೋರು ಯಾರನ್ನ ನಂಬ್ತಾರೋ ಅವ್ರನ್ನೇ ಕರ್ಕೊಂಡು ಹೋಗ್ಲಿ. ನಮ್ಮ ಚಿಕ್ಕಮ್ಮಂಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ, ಮನೇಲಿ ಎಲ್ರಿಗೂ ಅಷ್ಟೋ ಇಷ್ಟೋ ಸೈನ್ ಬರುತ್ತೆ, ಆದ್ರೂ ಹೀಗೆ ಹೇಳ್ತಿದೀನಿ.

ಯಾಕಂದ್ರೆ ನಮ್ಮ ಇಂಡಿಯನ್ ಸೈನ್ ಲ್ಯಾಂಗ್ವೇಜಲ್ಲಿ 'ಕೊಡು' ಅನ್ನೋಕೆ ಸೈನ್ ಒಂದೇ. ಕೈ ನನ್ನ ಕಡೆಯಿಂದ ಆ ಕಡೆ ಹೋದ್ರೆ ನಾನು ಅವನಿಗೆ ಕೊಟ್ಟೆ, ಆ ಕಡೆಯಿಂದ ಈ ಕಡೆ ಬಂದ್ರೆ ಅವನು ನನಗೆ ಕೊಟ್ಟ. ಸಾಲದ ಕೇಸಲ್ಲಿ ಇದೊಂದು ಉಲ್ಟಾ ಆದ್ರೆ ದುಡ್ಡು ಕೊಟ್ಟೋನೇ ಸಾಲಗಾರ ಆಗೋಗ್ತಾನೆ! 2024ರವರೆಗೆ ಜಾರಿಯಲ್ಲಿದ್ದ ಹಳೇ ಸಾಕ್ಷ್ಯ ಕಾಯ್ದೆಗೆ 2013ರಲ್ಲಿ ತಿದ್ದುಪಡಿ ತಂದು, ಮಾತು ಬಾರದ ಸಾಕ್ಷಿ ಹೇಳಿಕೆನ ಇಂಟರ್‌ಪ್ರಿಟರ್ ಅಥವಾ ಸ್ಪೆಷಲ್ ಎಜುಕೇಟರ್ ಸಹಾಯದಿಂದ ತಗೊಂಡು ವಿಡಿಯೋನೂ ಮಾಡ್ಬೇಕು ಅಂದ್ರು, ಒಳ್ಳೇದೇ, ಆದ್ರೆ ಆ ಇಂಟರ್‌ಪ್ರಿಟರ್ ಏನು ಓದಿರ್ಬೇಕು ಅಂತ ಆ ಸೆಕ್ಷನ್ನಲ್ಲಿ ಒಂದು ಮಾತಿರ್ಲಿಲ್ಲ, ಅದರ ಬದಲು ಬಂದ ಹೊಸ ಕಾಯ್ದೆಯ ಸೆಕ್ಷನ್ನಲ್ಲೂ ಇಲ್ಲ.

ಆಸ್ಪತ್ರೆ ಕಥೆ ಇನ್ನೂ ಕಷ್ಟ. ಚಿಕ್ಕಮ್ಮಂಗೆ ಗರ್ಭಕೋಶ ತೆಗೀಬೇಕು ಅಂತ ಡಾಕ್ಟರ್ ಹೇಳಿದಾಗ ಪಕ್ಕದಲ್ಲಿದ್ದಿದ್ದು ಎಂಟನೇ ಕ್ಲಾಸ್ ಓದ್ತಿದ್ದ ಅವರ ಮಗಳು. ಪಾಪ ಅದಕ್ಕೆ ನಾಚಿಕೆನೋ ಭಯನೋ, 'ಹೊಟ್ಟೆ, ಆಪರೇಷನ್, ಆಮೇಲೆ ಸರಿಹೋಗುತ್ತೆ' ಅಷ್ಟೇ ಸೈನ್ ಮಾಡ್ತು, ಚಿಕ್ಕಮ್ಮ ಒಪ್ಪಿಗೆ ಫಾರಂಗೆ ಸಹಿ ಹಾಕಿದ್ರು, ಏನು ತೆಗೆದಿದಾರೆ ಅಂತ ಗೊತ್ತಾಗಿದ್ದು ಡಿಸ್ಚಾರ್ಜ್ ಆದ್ಮೇಲೆ. ಆ ಹುಡುಗಿಗೆ ಭಾಷೆ ನಮಗೆಲ್ಲರಿಗಿಂತ ಚೆನ್ನಾಗಿ ಬರುತ್ತೆ, ಆದ್ರೆ ಹೇಳಿದ್ದನ್ನ ಬಿಡದೆ ಹೇಳೋದು, ಕೇಳಿದ್ದನ್ನ ಹೊರಗೆ ಬಾಯಿಬಿಡದೆ ಇರೋದು, ಅದಕ್ಕೆ ಟ್ರೈನಿಂಗ್ ಬೇಕು.

ಇರೋದೇ ನಾಲ್ಕು ಜನ, ಕಡ್ಡಾಯ ಮಾಡಿದ್ರೆ ಅವ್ರೂ ಸಿಗಲ್ಲ ಅನ್ನೋದು ನಿಜವಾದ ತಕರಾರು. ಪಿಯುಸಿ ಆದ್ಮೇಲೆ ಮಾಡೋ 2 ವರ್ಷದ ಇಂಟರ್‌ಪ್ರಿಟೇಷನ್ ಡಿಪ್ಲೊಮಾ ಇದೆ, ಪಾಸಾದೋರ ರಿಜಿಸ್ಟರನ್ನ ರಿಹ್ಯಾಬಿಲಿಟೇಷನ್ ಕೌನ್ಸಿಲ್ (ಅಂಗವಿಕಲರಿಗಾಗಿ ಕೆಲಸ ಮಾಡೋ ವೃತ್ತಿಯವರನ್ನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ಇಟ್ಕೊಳ್ಳುತ್ತೆ, ದೆಹಲಿಯಲ್ಲಿ 2015ರಲ್ಲಿ ಇದಕ್ಕಂತಲೇ ಒಂದು ಕೇಂದ್ರನೂ ಶುರುವಾಯ್ತು, ಆದ್ರೂ ಬೀದರ್ ಕಡೆ ತಾಲೂಕು ಆಸ್ಪತ್ರೆಗೆ ರಾತ್ರೋರಾತ್ರಿ ಯಾರು ಬರ್ತಾರೆ ಹೇಳಿ. ಅಂಥ ಕಡೆಗೆ ವಿಡಿಯೋ ಕಾಲ್ ಸಾಕು. ಬೆಂಗಳೂರಿನ ಡೆಫ್ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟಿಗೆ ಇಂಟರ್‌ಪ್ರಿಟರ್ ಜೊತೆ ಹಾಜರಾಗಿದ್ದು ವಿಡಿಯೋದಲ್ಲೇ ಅಲ್ವಾ.

ನನ್ನ ಭಯ ಬೇರೆ ಇದೆ. ಪರೀಕ್ಷೆನ ಕಿವಿ ಕೇಳೋರೇ ಕೂತು, ಬರವಣಿಗೆ ಪೇಪರ್ ಥರ ಮಾಡಿಬಿಟ್ರೆ, ಡೆಫ್ ಅಪ್ಪ ಅಮ್ಮನ ಜೊತೆ ಬೆಳೆದು ಕೈಯಲ್ಲೇ ಕನಸು ಕಾಣೋ ಮಕ್ಕಳು ಇಂಗ್ಲಿಷಲ್ಲಿ ಡುಮ್ಕಿ ಹೊಡೀತಾರೆ, ಬರೀ ಬಾಯಿಪಾಠ ಮಾಡಿದೋರು ಪಾಸಾಗ್ತಾರೆ. 2013ರಲ್ಲಿ ಮಂಡೇಲಾ ಶ್ರದ್ಧಾಂಜಲಿ ಸಭೆಯಲ್ಲಿ ಇಂಟರ್‌ಪ್ರಿಟರ್ ಅಂತ ಬಂದ ಒಬ್ಬ ಸ್ಟೇಜ್ ಮೇಲೆ ನಿಂತು ಅರ್ಥಾನೇ ಇಲ್ಲದ ಹಾಗೆ ಕೈ ಆಡಿಸಿದ್ನಲ್ಲ, ಒಬಾಮಾ ಪಕ್ಕದಲ್ಲೇ, ಕಿವಿ ಕೇಳೋರಿಗೆ ಏನೂ ತಪ್ಪು ಕಾಣ್ಲಿಲ್ಲ, ಟಿವಿ ನೋಡ್ತಿದ್ದ ಡೆಫ್ ಜನ ಅಲ್ಲಿಂದಲೇ ಕೂಗಾಡಿದ್ರು. ಹಾಗಾಗಿ ಪರೀಕ್ಷಕರಲ್ಲಿ ಅರ್ಧಕ್ಕರ್ಧ ಡೆಫ್ ಜನ ಇರ್ಲಿ, ಮನೇಲೇ ಕಲಿತೋರಿಗೆ ಕೋರ್ಸ್ ಮಾಡದೆ ನೇರ ಪ್ರಾಕ್ಟಿಕಲ್ ಕೊಡೋ ದಾರಿ ಇರ್ಲಿ. ಆಮೇಲೆ ಇಂಟರ್‌ಪ್ರಿಟರ್ ಫೀಸನ್ನ ಆಸ್ಪತ್ರೆನೋ ಕೋರ್ಟೋ ಕಟ್ಟಬೇಕು, ಪೇಷೆಂಟ್ ಬಿಲ್ಲಿಗೆ ಸೇರಿಸೋ ಹಾಗಿದ್ರೆ ನಮ್ಮಂಥ ಮನೆಯವ್ರು ಮತ್ತೆ ಮಗಳನ್ನೇ ಕರ್ಕೊಂಡು ಹೋಗ್ತಾರೆ.