ಕುಮಟಾದಲ್ಲಿರುವ ಅಮ್ಮನಿಗೆ ‘ಇನ್ನು ಕನ್ನಡಕದಿಂದ ಪ್ರಯೋಜನವಿಲ್ಲ’ ಎಂದಿದ್ದಾರೆ. ಸಹಾಯ ಎಲ್ಲಿ ಸಿಗುತ್ತದೆ?

ನೀವು ಬೆಂಗಳೂರಿನಲ್ಲಿ, 70 ದಾಟಿದ ಅಮ್ಮ ಕುಮಟಾದಲ್ಲಿ ಒಬ್ಬರೇ, ಮ್ಯಾಕ್ಯುಲಾ (ಕಣ್ಣಿನ ಒಳಪರದೆಯ ನಡುಭಾಗ) ಸವೆದು ನಡುನೋಟ ಹೋಗಿದೆ ಅಂತ ಬರೆದಿದ್ದೀರಿ. ಓದಿ ನಮ್ಮ ಆಯಿಯೇ (ಅಮ್ಮನೇ) ನೆನಪಾದಳು. ನಾನು ಶಿರಸಿ ಕಡೆಯವನು. ಅವಳಿಗೂ ಇದೇ ತೊಂದರೆ. ಒಂದು ಕಡೆ ತೋರಿಸಿದಾಗ “ವಯಸ್ಸಾಯ್ತಲ್ಲ, ಇಷ್ಟೇ” ಎಂದು ಫೈಲು ಕೈಗೆ ಕೊಟ್ಟರು. ಅದನ್ನು ನಂಬಿ ಒಂದೂವರೆ ವರ್ಷ ಸುಮ್ಮನೆ ಕೂತೆವು.

ಔಷಧಿ ಇಲ್ಲ ಅಂದಮೇಲೆ ಹೋಗಬೇಕಾದದ್ದು ‘ಲೋ ವಿಷನ್ ಕ್ಲಿನಿಕ್’ಗೆ. ಇದೇ ಹೆಸರು ಹೇಳಿ ಕೇಳಿ. ಕುಮಟಾದಿಂದ ರೈಲು ಹತ್ತಿದರೆ ಮಣಿಪಾಲ ಸುಲಭ, ಆಪ್ಟೋಮೆಟ್ರಿ, ಅಂದರೆ ನೋಟ ಪರೀಕ್ಷಿಸುವ ವಿದ್ಯೆ, ಕಲಿಸುವ ಕಾಲೇಜೂ ಅಲ್ಲಿದೆ. ಹುಬ್ಬಳ್ಳಿಗಾದರೆ ಮೊದಲು ಫೋನ್ ಮಾಡಿ, ಲೋ ವಿಷನ್ ನೋಡುವವರು ಯಾವ ದಿನ ಸಿಗುತ್ತಾರೆ ಅಂತ ಕೇಳಿ. ಉಳಿದ ನೋಟ ಎಷ್ಟಿದೆ ಅಂತ ಅಳೆದು, ಬೇರೆ ಬೇರೆ ಭೂತಗನ್ನಡಿ ಕೊಟ್ಟು ಓದಿಸಿ ನೋಡುತ್ತಾರೆ. ಪವರ್ ಹೆಚ್ಚಾದಷ್ಟೂ ಪುಸ್ತಕ ಹತ್ತಿರ ಬರಬೇಕು; +10 ಕನ್ನಡಕಕ್ಕೆ ಸುಮಾರು 10 ಸೆಂ.ಮೀ. ಹಾಗೆ ಓದಿದರೆ ಕಣ್ಣು ಹಾಳಾಗುತ್ತದೆ ಅಂತ ಅಕ್ಕಪಕ್ಕದವರು ಹೆದರಿಸುತ್ತಾರೆ. ಸುಳ್ಳು. ಆಯಿಗೆ ಒಗ್ಗಿದ್ದು ಲೈಟಿರುವ, ಹಾಳೆಯ ಮೇಲೇ ಇಟ್ಟು ಸರಿಸುವ ಭೂತಗನ್ನಡಿ. ಪಂಚಾಂಗ ಓದುತ್ತಾಳೆ, ತಪ್ಪನ್ನೂ ಹುಡುಕುತ್ತಾಳೆ.

ಆದರೆ ಗೋಡೆ, ಬಾಗಿಲ ಚೌಕಟ್ಟು ಇದ್ದಕ್ಕಿದ್ದಂತೆ ಸೊಟ್ಟಗೆ ಕಂಡರೆ ಲೋ ವಿಷನ್ ಅಂತ ಕೂರಬೇಡಿ, ಮರುದಿನವೇ ರೆಟಿನಾ ಡಾಕ್ಟರ ಹತ್ತಿರ ಹೋಗಿ. ಈ ರೋಗದ ಕೆಲವು ಬಗೆಗೆ ಇಂಜೆಕ್ಷನ್ ಇದೆ, ತಡವಾದಷ್ಟೂ ಅದರ ಪ್ರಯೋಜನ ಕಡಿಮೆ.

ಇನ್ನು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ. ಅರ್ಜಿ ಆನ್‌ಲೈನಿನಲ್ಲಿ, ಸವಲತ್ತುಗಳಿಗೆ ಸಾಮಾನ್ಯವಾಗಿ 40 ಶೇಕಡಾ ವೈಕಲ್ಯ ಬೇಕು. ಒಂದು ಕಣ್ಣು ಚೆನ್ನಾಗಿದ್ದರೆ ಅಷ್ಟು ಬರುವುದಿಲ್ಲ. ಕುಮಟಾ ಹಳ್ಳಿ ಕಡೆಯಾದರೆ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ, ಇರುತ್ತಾರೆ. ಅರ್ಜಿ ತುಂಬಲು ಅವರನ್ನೇ ಹಿಡಿಯಿರಿ. ಪಿಂಚಣಿಗೆ ನಾಡಕಚೇರಿ.

ಮನೆಯಲ್ಲಿ ನಾವು ಮಾಡಿದ್ದು ಖರ್ಚಿಲ್ಲದ ಕೆಲಸ. ನಮ್ಮ ಕೆಮ್ಮಣ್ಣಿನ ಮೆಟ್ಟಿಲಿನ ಅಂಚಿಗೆ ಅಜ್ಜಿಯ ಕಾಲದಲ್ಲಿ ಶೇಡಿ (ಬಿಳಿ ಮಣ್ಣು) ಎಳೆಯುತ್ತಿದ್ದರು. ಸಿಮೆಂಟ್ ಮಾಡಿಸಿದ ಮೇಲೆ ಅದು ನಿಂತಿತ್ತು, ಈಗ ಹಳದಿ ಪೇಂಟಿನ ಪಟ್ಟಿ ಎಳೆದಿದ್ದೇವೆ. ಸ್ಟೀಲ್ ತಟ್ಟೆಯಲ್ಲಿ ಅನ್ನ ಮೊಸರು ಅವಳಿಗೆ ಕಾಣುತ್ತಿರಲಿಲ್ಲ. ಬಾಳೆಲೆಯಲ್ಲಿ ಬಡಿಸಿದರೆ ಕಾಣುತ್ತದೆ. ಒಲೆಯ ಪಕ್ಕ, ಕಣ್ಣಿಗೆ ಕುಕ್ಕದ ಹಾಗೆ, ಒಂದು ಇನ್ವರ್ಟರ್ ಬಲ್ಬು ಹಾಕಿ. ಮಳೆಗಾಲದಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ.

ಕೊನೆಗೆ, ಯಾರೂ ನನಗೆ ಮುಂಚೆ ಹೇಳದಿದ್ದ ಒಂದು ಸಂಗತಿ. ಆಯಿ ಒಂದು ಸಂಜೆ ಜಗಲಿಯಲ್ಲಿ ಕೂತ ಮಕ್ಕಳು ಯಾರ ಮನೆಯವು ಅಂತ ಕೇಳಿದಳು. ಜಗಲಿಯಲ್ಲಿ ಯಾರೂ ಇರಲಿಲ್ಲ. ಊರಲ್ಲಿ ಒಬ್ಬರು ಗಾಳಿ ಸೋಕಿದೆ ಅಂದರು, ಇನ್ನೊಬ್ಬರು ಮರೆಗುಳಿ ರೋಗ ಅಂದರು. ಎರಡೂ ಅಲ್ಲ. ಕಣ್ಣಿನಿಂದ ಚಿತ್ರ ಬರುವುದು ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಕಟ್ಟುತ್ತದಂತೆ. ಜಿನೀವಾದ ಚಾರ್ಲ್ಸ್ ಬಾನೆ ಎಂಬ ವಿಜ್ಞಾನಿ ತನ್ನ ಅಜ್ಜನಿಗೆ ಹೀಗಾಗುವುದನ್ನು 1760ರಲ್ಲೇ ಬರೆದಿಟ್ಟ, ಅವನದೇ ಹೆಸರು ಇದಕ್ಕಿದೆ. ಬುದ್ಧಿ ಸರಿಯಿದ್ದವರಿಗೂ ಬರುತ್ತದೆ, ಚಿತ್ರ ಮಾತಾಡುವುದಿಲ್ಲ. ಹುಚ್ಚು ಅಂದಾರು ಎಂದು ಮುದುಕರು ಬಾಯಿ ಬಿಡುವುದಿಲ್ಲ. ನೀವೇ ಕೇಳಿ: “ಅಮ್ಮಾ, ಇಲ್ಲದ್ದು ಏನಾದರೂ ಕಾಣುತ್ತದಾ?” ಹೌದು ಅಂದರೆ ಡಾಕ್ಟರಿಗೂ ಹೇಳಿ. ನಾನು ವಿವರಿಸಿದ ಮೇಲೆ ಆಯಿ ಹೇಳಿದಳು, ಆ ಮಕ್ಕಳು ಬರತೊಡಗಿ ಐದು ತಿಂಗಳಾಗಿತ್ತಂತೆ.